ಡಾಕ್ಟರ್ ಚೀಟಿಯ ನಾಲ್ಕು ಸಾಲು

ಶಿವರಾತ್ರಿ ಕಳೆದ ಎರಡನೇ ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ, ಗೋವರ್ಧನನಿಗೆ ಶುಕ್ರವಾರವನ್ನು ಅಳಿಸುವ ಅಪ್ಪಣೆಯಾಯಿತು.

"ಹನ್ನೊಂದಕ್ಕ ಪರದೇಶದ ಪಾರ್ಟಿ ಬರ್ತಾರ," ಎಂದರು ದೊಡ್ಡಮಲ್ಲಪ್ಪ. ರಾಯದುರ್ಗದ ಆ ಜೀನ್ಸ್ ಫ್ಯಾಕ್ಟರಿ ಅವರದು. "ಕೆಲಸದೋರನ್ನ ಹೆಂಗ ನೋಡ್ಕೊಂತೀವಿ ಅಂತ ನೋಡಾಕ. ಆ ಎದ್ದು ಹೋಗೋ ಲೆಕ್ಕ ಇವತ್ತು ಇರಬಾರ್ದು. ಶುಕ್ರವಾರದ ಮುಂಚೆ ಹೆಂಗಿತ್ತೋ ಹಂಗ ಮಾಡ್ರಿ."

"ಆಯ್ತು ಸರ್."

"ಅಳಿಸಿದ್ದು ಗೊತ್ತಾಗಬಾರ್ದು."

"ಅಳಿಸಿದ್ದನ್ನೂ ಅದು ಬರೆದಿಟ್ಟುಕೊಳ್ತದೆ ಸರ್."

"ಯಾರು?"

"ಸಿಸ್ಟಮ್ಮು."

ದೊಡ್ಡಮಲ್ಲಪ್ಪ ಕಂಪ್ಯೂಟರನ್ನು, ಚಾಡಿಕೋರನನ್ನು ನೋಡುವ ಹಾಗೆ ನೋಡಿದರು.

ಕೆಳಗಿನ ಹಾಲಿನಲ್ಲಿ ನೂರಾ ನಲವತ್ತು ಮಂದಿ ಹೊಲಿಯುತ್ತಾರೆ. ಜಾಗ ಬಿಟ್ಟು ಎದ್ದವರು ಬಾಗಿಲ ಬಳಿಯ ಪೆಟ್ಟಿಗೆಗೆ ಕಾರ್ಡ್ ತೋರಿಸಿ ಹೋಗಬೇಕು, ತೋರಿಸಿ ಬರಬೇಕು. ದಿನಕ್ಕೆ ಹದಿನೈದು ನಿಮಿಷ ದಾಟಿದರೆ ಹೆಸರಿನ ಮುಂದೆ ಕೆಂಪು. ಮೂರು ಕೆಂಪಾದರೆ ಮಾರನೆಯ ದಿನ ಆ ಕಾರ್ಡಿಗೆ ಗೇಟು ತೆರೆಯುವುದಿಲ್ಲ. ಯಾರೂ ಯಾರನ್ನೂ ಕೆಲಸದಿಂದ ತೆಗೆದಂತಾಗುವುದಿಲ್ಲ. ಗೇಟು ತೆರೆಯಲಿಲ್ಲ, ಅಷ್ಟೇ.

ಈ ಲೆಕ್ಕವನ್ನು ಮೂರು ವಾರ ಕೂತು ಬರೆದವಳು ಮಂಜುಳ, ಅವನ ಪಕ್ಕದ ಕುರ್ಚಿಯವಳು. ಅವಳು ತನ್ನ ಪ್ರತಿಯಲ್ಲಿ ಬರೆದದ್ದನ್ನು ಶುಕ್ರವಾರ ಫ್ಯಾಕ್ಟರಿಯ ಮುಖ್ಯ ಪ್ರೋಗ್ರಾಮಿಗೆ ಕೂಡಿಸಿ ಮರ್ಜ್ ಮಾಡಿದವನು ಗೋವರ್ಧನ. ಯಾರೂ ಕೇಳದಿದ್ದರೂ ಅವಳು ಕೊನೆಯಲ್ಲಿ ನಾಲ್ಕು ಸಾಲು ಸೇರಿಸಿದ್ದಳು: ಡಾಕ್ಟರ್ ಚೀಟಿ ಕೊಟ್ಟವರ ನಿಮಿಷಗಳನ್ನು ಎಣಿಸಬೇಡ. ಅವನು ಅದನ್ನು ಓದಿ ಸುಮ್ಮನಿದ್ದ. ಸುಮ್ಮನಿದ್ದದ್ದು ಒಂದು ಬಗೆಯ ಧೈರ್ಯವೆಂದುಕೊಂಡು ನಾಲ್ಕು ದಿನ ಸುಖವಾಗಿದ್ದ.

ಚೀಟಿ ಕೊಟ್ಟಿದ್ದವಳು ಒಬ್ಬಳೇ, ಪಂಪಮ್ಮ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ ಜಿಪ್ ಹೊಲಿದು, ಇಲ್ಲಿ ಫ್ಯಾಕ್ಟರಿ ಆದಾಗ ವಾಪಸು ಬಂದವಳು. ಈಗ ಶುಗರ್. ಕಣ್ಣು ಮಂದ. ಗಂಟೆಗೊಮ್ಮೆ ಎದ್ದು ಹೋಗಲೇಬೇಕು. ತಪ್ಪಾದ ಹೊಲಿಗೆ ಬಿಚ್ಚುವ ಕೆಲಸ ಕೊಟ್ಟಿದ್ದರು.

ಅಳಿಸಲು ಅರ್ಧ ನಿಮಿಷ ಸಾಕಾಯಿತು. ತೆಗೆದ ಸಾಲುಗಳೆಲ್ಲ ಪರದೆಯ ಮೇಲೆ ಕೆಂಪಾಗಿ ಉದ್ದಕ್ಕೆ ಬಂದವು. ದೊಡ್ಡಮಲ್ಲಪ್ಪ ಬೆರಳಿಟ್ಟು ಓದುತ್ತ ಹೋಗಿ, ಒಂದು ಕಡೆ ನಿಂತರು.

"ಇಲ್ಲಿ ಡಾಕ್ಟರ್ ಯಾಕ ಬಂದ?"

ಗೋವರ್ಧನ ಹೇಳಿದ.

"ಯಾರು ಹೇಳಿದ್ರು ಹಾಕಾಕ?"

ಮಂಜುಳ ಇನ್ನೂ ಬಂದಿರಲಿಲ್ಲ. ಅವನು ಅವಳ ಖಾಲಿ ಕುರ್ಚಿ ನೋಡಿದ. "ಬಂದುಬಿಟ್ಟಿದೆ ಸರ್," ಎಂದ.

ಯಾಕೆ ಅಳಿಸುತ್ತಿದ್ದೀರಿ ಎಂದು ಸಿಸ್ಟಮ್ ಕಾರಣ ಕೇಳಿತು. 'ಅತಿಥಿಗಳು ಬರುತ್ತಿದ್ದಾರೆ' ಎಂದು ಬರೆದ. ಅದನ್ನು ತೆಗೆದು 'ಸುಧಾರಣೆ' ಎಂದು ಬರೆದ.

ಹನ್ನೊಂದಕ್ಕೆ ಬಂದವರು ಇಬ್ಬರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಕುಡಿಯುವ ನೀರು ನೋಡಿದರು, ಮರಳು ತುಂಬಿದ ಬಕೆಟ್ ನೋಡಿದರು. ಇಂಗ್ಲಿಷ್ ಬಲ್ಲವನೆಂದು ಗೋವರ್ಧನ ಜೊತೆಗೆ ನಡೆದ. ದಕ್ಷಿಣಕ್ಕಿರುವ ರೊಳ್ಳ ಎಂಬ ಊರಿನವನಾದ ಅವನು ಮಾತಿನ ಕೊನೆಗೆ 'ರಿ' ಹಚ್ಚುವುದನ್ನು ಇಲ್ಲಿಗೆ ಬಂದ ಮೇಲೆ ಕಲಿತಿದ್ದ. ಊರಿಗೆ ಹೋದಾಗ ಅದನ್ನು ತೆಗೆಯಲು ಮರೆತು ನಗೆಗೀಡಾಗುತ್ತಿದ್ದ. ಇಂಗ್ಲಿಷಿನಲ್ಲಿ ಆ ತಾಪತ್ರಯವಿರಲಿಲ್ಲ. ಅದು ಯಾವ ಊರಿನದೂ ಆಗಿರಲಿಲ್ಲ.

ಪಂಪಮ್ಮನ ಸ್ಟೂಲಿನ ಮುಂದೆ ಆ ಹೆಂಗಸು ನಿಂತಳು. ಬೇಕೆಂದಾಗ ಏಳಬಹುದೇ ಎಂದು ಗೋವರ್ಧನನಿಂದ ಕೇಳಿಸಿದಳು.

"ಇವತ್ತು ಏಳಬೌದಂತ ಹೇಳ್ಯಾರ್ರಿ," ಎಂದಳು ಪಂಪಮ್ಮ.

ಏಳಬಹುದಂತೆ, ಎಂದು ಗೋವರ್ಧನ ಇಂಗ್ಲಿಷಿನಲ್ಲಿ ಹೇಳಿದ. ಆ ಹೆಂಗಸು ತನ್ನ ಪಟ್ಟಿಯಲ್ಲಿ ಒಂದು ಗೀಟು ಹಾಕಿಕೊಂಡು ಮುಂದೆ ಹೋದಳು.

"ತಮ್ಮಾ, ನನ್ ಚೀಟಿ ಒಳಗ ಐತಲ್ಲಾ?" ಪಂಪಮ್ಮ ಮೆಲ್ಲಗೆ ಕೇಳಿದಳು. "ಮಂಜುಳಮ್ಮ ಹಾಕೀನಿ ಅಂದಿತ್ತು."

"ಐತೆ ಅಮ್ಮಾ."

ಅವಳ ತೊಡೆಯ ಮೇಲೆ ಸೊಟ್ಟಗೆ ಹೊಲಿದ ಒಂದು ಪ್ಯಾಂಟು. ದಾರ ಕತ್ತರಿಸಿ ಕಿತ್ತಳು, ಬಟ್ಟೆಯ ಮೇಲೆ ಉಗುರಿನಿಂದ ಕೆರೆದಳು. ಕೆರೆದರೆ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ.

"ಎಲ್ಲಾ ಮುಚ್ಕೊತಾವಾ?" ಏನಾದರೂ ಕೇಳಬೇಕಲ್ಲ ಎಂದು ಕೇಳಿದ.

"ದೂರದಿಂದ ನೋಡೋರಿಗೆ ಮುಚ್ಚತಾವ, ತಮ್ಮಾ."

ಮೂರೂವರೆಗೆ ಬಿಳಿ ಕಾರು ಗೇಟು ದಾಟಿತು. ಮೂರು ಮೂವತ್ತೈದಕ್ಕೆ ದೊಡ್ಡಮಲ್ಲಪ್ಪ ಮೆಟ್ಟಿಲು ಹತ್ತಿ ಬಂದರು. "ಹಾಕ್ರಿ ವಾಪಸ್. ಆರರೊಳಗ ಆಗ್ಬೇಕು. ಆ ಡಾಕ್ಟರ್ ಬ್ಯಾಡ."

ಪಕ್ಕದ ಕುರ್ಚಿಗೆ ಬಂದು ಕೂತಿದ್ದ ಮಂಜುಳ ತಲೆ ಎತ್ತಲಿಲ್ಲ. ಅವಳ ಬೆರಳು ಮಾತ್ರ ಕೀಲಿಗಳ ಮೇಲೆ ನಿಂತವು.

ಗೋವರ್ಧನ ಮತ್ತೆ ಮರ್ಜ್ ಮಾಡಿದ. ಎಲ್ಲವೂ ಆಗಲೇ ಇದೆ, ಹೊಸದಾಗಿ ಸೇರಿಸುವುದೇನೂ ಇಲ್ಲ, ಎಂದಿತು ಸಿಸ್ಟಮ್. ಇನ್ನೊಮ್ಮೆ ಮಾಡಿದ. ಅದೇ ಮಾತು.

ಅವನಿಗೆ ಕಾರಣ ಗೊತ್ತಿತ್ತು. ಶುಕ್ರವಾರ ಕೂಡಿಸಿದ್ದನ್ನು ಅದು ಮರೆತಿರಲಿಲ್ಲ. ಬೆಳಿಗ್ಗೆ ಅಳಿಸಿದ್ದು ಅದರ ಪಾಲಿಗೆ ಬೇರೆಯೇ ಒಂದು ಕೆಲಸ. ಅದರಿಂದ ಶುಕ್ರವಾರ ಇಲ್ಲದಂತಾಗಲಿಲ್ಲ. ಒಮ್ಮೆ ತೆಗೆದುಕೊಂಡದ್ದನ್ನು ಎರಡನೇ ಸಲ ಯಾಕೆ ತೆಗೆದುಕೊಳ್ಳಲಿ ಎಂದು ಅದು ಹಟ ಹಿಡಿದಿತ್ತು. ಆ ಕೋಣೆಯಲ್ಲಿ ಅಷ್ಟು ಹಟವಿದ್ದದ್ದು ಅದಕ್ಕೊಂದಕ್ಕೇ.

"ಬರ್ತಿಲ್ಲ ಸರ್," ಎಂದ.

ಮಂಜುಳ ನೋಟ್ ಪುಸ್ತಕದ ಮೂಲೆಯಲ್ಲಿ ಏನೋ ಗೀಚಿ ಅವನ ಕಡೆ ಸರಿಸಿದಳು. 'ಅಷ್ಟೇ ಹೇಳಿ ಸುಮ್ನಿರ್ರಿ.'

ನಿಜ. ಅಷ್ಟು ಹೇಳಿ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವನಿಗೆ ಬರುತ್ತಿದ್ದ ವಿದ್ಯೆಯೇ.

"ತೆಗಿಯಾಕ ಅರ್ಧ ನಿಮಿಷ, ಹಾಕಾಕ ಬರಾಂಗಿಲ್ಲ?" ದೊಡ್ಡಮಲ್ಲಪ್ಪ ಕುರ್ಚಿ ಎಳೆದುಕೊಂಡು ಕೂತರು. "ಬಳ್ಳಾರ್ಯಾಗ ಒಬ್ಬ ಅದಾನ. ಬರೀ ಡಿಪ್ಲೊಮಾ. ಫೋನ್ ಮಾಡಿ ಕೇಳ್ಲೇನು, ಎಂಸಿಎ ಸಾಹೇಬ್ರೇ?"

ಗೋವರ್ಧನನ ಕಿವಿ ಬಿಸಿಯಾಯಿತು.

"ದಾರಿ ಇದೆ ಸರ್. ಅಳಿಸಿದ್ದನ್ನೇ ಅಳಿಸಬೇಕು."

ಹೇಳಿದ ಮೇಲೆ ಆ ವಾಕ್ಯ ಅವನಿಗೆ ಬಹಳ ಚೆನ್ನಾಗಿ ಕೇಳಿಸಿತು.

"ಇದಕ್ಕ ನೋಡ್ರಿ ಓದಿರಬೇಕು ಅನ್ನೋದು!" ದೊಡ್ಡಮಲ್ಲಪ್ಪ ಅವನ ಬೆನ್ನು ತಟ್ಟಿದರು. ಬೆನ್ನು ಸ್ವಲ್ಪ ನೆಟ್ಟಗಾಯಿತು.

ಅಳಿಸಿದ್ದನ್ನು ಅಳಿಸಿದಾಗ ಎಲ್ಲವೂ ಬಂತು. ನಾಲ್ಕು ಸಾಲೂ ಬಂದವು.

"ಅವನ್ನ ನಿಮ್ ಹೆಸ್ರಿನಾಗ ತೆಗೀರಿ," ಎಂದಳು ಮಂಜುಳ. "ನನ್ ಹೆಸ್ರಿನಾಗ ಬ್ಯಾಡ."

ತನ್ನ ಹೆಸರಿನಲ್ಲೇ ತೆಗೆದ. ಕಾರಣ: ಸುಧಾರಣೆ.

ಪೆಟ್ಟಿಗೆಯ ವಿಷಯ ಅವನಿಗೆ ಆಮೇಲೆ ನೆನಪಾಯಿತು. ಅಥವಾ ನೆನಪಾದದ್ದೇ ಆಮೇಲೆ ಎಂದು ಅವನು ಅಂದುಕೊಂಡ. ಬಾಗಿಲ ಬಳಿಯ ಪೆಟ್ಟಿಗೆ ದಿನವೂ ನಿಮಿಷ ಬರೆದುಕೊಳ್ಳುತ್ತಲೇ ಇತ್ತು. ಪ್ರೋಗ್ರಾಮು ಶುಕ್ರವಾರದಿಂದ ಮತ್ತೆ ಎಣಿಸಿತು, ಈ ಸಲ ಚೀಟಿ ನೋಡದೆ. ಪರದೆಯಲ್ಲಿ ಮೂರು ಕೆಂಪಿನ ಹೆಸರು ಒಂದೇ ಒಂದು. ಪಂಪಮ್ಮ: ಶುಕ್ರ, ಶನಿ, ಸೋಮ.

ಆರು ಗಂಟೆಗೆ ಕಿಟಕಿಯಲ್ಲಿ ನಿಂತು ನೋಡಿದ. ಹೆಂಗಸರು ಕಾರ್ಡ್ ತೋರಿಸಿ, ಹಸಿರು ದೀಪಕ್ಕೆ ಕಾಯದೆ ನುಗ್ಗಿ ಹೋಗುತ್ತಿದ್ದರು. ಪಂಪಮ್ಮ ತೋರಿಸಿದಾಗ ದೀಪ ಕೆಂಪಾಗಿ, ಗೇಟು ಉದ್ದಕ್ಕೆ ಕೂಗಿತು. ಅವಳು ಕಾರ್ಡನ್ನು ಸೆರಗಿನಲ್ಲಿ ಒರೆಸಿ ಮತ್ತೆ ತೋರಿಸಿದಳು.

"ಹೊರಗ ಹೋಗಾಕ ಬಿಡ್ತೈತಿ, ಹೋಗಬೇ," ಎಂದ ವಾಚ್‌ಮನ್. "ನಾಳಿಂದ ಒಳಗ ಬಿಡಾಂಗಿಲ್ಲ."

"ಚೀಟಿ ಐತೋ ಯಪ್ಪಾ. ಮ್ಯಾಲಿನ ತಮ್ಮ ಐತೆ ಅಂತ ಹೇಳೈತಿ."

ಅವಳು ಕಿಟಕಿಯ ಕಡೆ ನೋಡಿದಳು. ಅವಳ ಮಂದಗಣ್ಣಿಗೆ ಅಷ್ಟು ದೂರ ಕಾಣುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಒಂದು ಹೆಜ್ಜೆ ಹಿಂದೆ ಸರಿದ. ಅದನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಮಂಜುಳ ಹೇಳದೆಯೇ ಬಸ್ಸಿಗೆ ಹೋಗಿದ್ದಳು. ಅವನು ಕೂತು, ತಾನು ತೆಗೆದ ನಾಲ್ಕು ಸಾಲುಗಳ ಮೇಲೆ ಬೆರಳಿಟ್ಟ. ವಾಪಸು ತರಲು ಅರ್ಧ ನಿಮಿಷ ಸಾಕು. ಕಾರಣ ಬರೆಯಿರಿ, ಎಂದಿತು ಸಿಸ್ಟಮ್. ಕಾರಣ ಹೊಳೆಯಲಿಲ್ಲ. 'ಸುಧಾರಣೆ' ಎರಡು ಸಲ ಖರ್ಚಾಗಿತ್ತು.

ಎದ್ದು ಕೆಳಗಿಳಿದ. ಮಷಿನುಗಳೆಲ್ಲ ನಿಂತಿದ್ದವು. ಸ್ಟೂಲಿನ ಮೇಲೆ ಅವಳು ಅರ್ಧ ಬಿಚ್ಚಿದ ಪ್ಯಾಂಟು. ಎತ್ತಿ ಟ್ಯೂಬ್‌ಲೈಟಿಗೆ ಹಿಡಿದ. ದಾರ ಹೋದ ಜಾಗದಲ್ಲಿ ಸೂಜಿಯ ತೂತುಗಳು ಸಾಲಾಗಿ ಬೆಳಕು ಬಿಟ್ಟವು. ಉಗುರಿನಿಂದ ಕೆರೆದ. ಕೆಲವು ಮುಚ್ಚಿದವು. ಕೈ ಚಾಚಿ ದೂರ ಹಿಡಿದು ನೋಡಿದ, ಹತ್ತಿರ ತಂದ, ಮತ್ತೆ ಕೆರೆದ. ಉಗುರಿನ ಸಂದಿಯಲ್ಲಿ ನೀಲಿ ತುಂಬಿಕೊಂಡಿತು.

ಮೇಲೆ ಪರದೆಯಲ್ಲಿ ಕಾರಣದ ಜಾಗ ಖಾಲಿಯಾಗಿಯೇ ಮಿಣುಕುತ್ತಿತ್ತು. ಪಂಪಮ್ಮ ಗೇಟು ದಾಟಿ ಹೋದದ್ದು ಮಂಗಳವಾರ. ಆ ಮಂಗಳವಾರವನ್ನು ಅಳಿಸಲು ಯಾರ ಅಪ್ಪಣೆಯೂ ಆಗಿರಲಿಲ್ಲ.