ಬಂಗಡೆಯ ನೀಲಿ

ಹೆಂಡತಿ ನೀತಾ ಬಣ್ಣದ ಪೆನ್ಸಿಲಿನ ಡಬ್ಬಿಯನ್ನು ಮುಂದಿಟ್ಟಾಗ ಕಿಶನ ಮೊದಲು ಬಾಗಿಲ ಕಡೆ ನೋಡಿದ. ಹಾರವಾಡದ ಮೀನುಗಾರ, ನಲವತ್ತು ದಾಟಿದವ, ಹೂವಿನ ಚಿತ್ರಕ್ಕೆ ಬಣ್ಣ ತುಂಬುತ್ತ ಕೂತದ್ದನ್ನು ಕೇರಿಯವರು ಕಂಡರೆ ಏನೆಂದಾರು?

ಕಳೆದ ಮಾಗಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಅವನ ದೋಣಿ ಮಗುಚಿತ್ತು. ಜೊತೆಗಾರ ರಾಜು ಅಂಗಿ ಹಿಡಿದೆಳೆದು ಉಳಿಸಿದ್ದ. ಅಂದಿನಿಂದ ಅಲೆಯ ಸದ್ದು ಕೇಳಿದರೆ ಸಾಕು, ಕಿಶನನ ಎದೆ ಹೊಡೆದುಕೊಳ್ಳುತ್ತಿತ್ತು. ಕಾರವಾರದ ಡಾಕ್ಟರಮ್ಮ ಮಾತ್ರೆಯ ಜೊತೆಗೆ ಚಿತ್ರದ ಹಾಳೆಗಳನ್ನೂ ಕೊಟ್ಟು, ದಿನಾ ಸ್ವಲ್ಪ ಹೊತ್ತು ಬಣ್ಣ ತುಂಬಿ, ಮನಸ್ಸು ಹಗುರಾಗುತ್ತದೆ ಎಂದಿದ್ದರು. ಮಳೆಗಾಲ ಮುಗಿದ ಮೇಲೆ ದೋಣಿ ಇಳಿಸುತ್ತೀಯೋ ಮಾರುತ್ತೀಯೋ ಎಂದು ರಾಜು ಕೇಳಿ ಹೋಗಿದ್ದ.

ಹೂವು ಕಿಶನನಿಗೆ ಹಿಡಿಸಲಿಲ್ಲ. ಹಾಳೆ ಮಗುಚಿ ಹಿಂಬದಿಯಲ್ಲಿ ಸುಮ್ಮನೆ ಗೀಚಿದ. ಗೀಚಿದ್ದು ಬಂಗಡೆ ಮೀನಾಯಿತು. ಅದರ ಬೆನ್ನಿಗೆ ನೀಲಿ ತೀಡುತ್ತಿದ್ದಂತೆ ಅಪ್ಪ ನೆನಪಾದ. ಆಗ ಮರದ ದೋಣಿ. ಮಳೆ ನಿಂತು ಹೊಳವಾದ ದಿನ ಅಪ್ಪ ದೋಣಿಯ ಮೂತಿಗೆ ಬಂಗಡೆಯ ಚಿತ್ರ ಬರೆಯುತ್ತಿದ್ದ. ಬಣ್ಣದೆಣ್ಣೆಯ ವಾಸನೆ, ಒದ್ದೆ ಮರಳು, ಆಯಿ ತಂದ ಬಿಸಿ ಗಂಜಿ. ಅಪ್ಪ ಮೀನಿನ ಹೊಟ್ಟೆಗೆ ಬೆರಳಲ್ಲೇ ಬೆಳ್ಳಿಬಣ್ಣ ಸವರಿ, ಆ ಬೆರಳನ್ನು ಮಗನ ಮೂಗಿಗೆ ಒರೆಸಿ ನಗುತ್ತಿದ್ದ. ಸಂಜೆಯವರೆಗೂ ಕಿಶನ ಮುಖ ತೊಳೆಯುತ್ತಿರಲಿಲ್ಲ.

"ಎಷ್ಟೊತ್ತಾಯ್ತು, ಗೊತ್ತದ್ಯಾ?" ಎಂದಳು ನೀತಾ. "ಆಗಿಂದ ಅಲೆ ಬಡೀತೇ ಅದೆ. ನೀವು ತಲೆನೇ ಎತ್ಲಿಲ್ಲ."

ಮಳೆಗಾಲ ಕಳೆದ ಮೇಲೆ ಅವನು ಬಣ್ಣ, ಕುಂಚ ಹಿಡಿದು ದಂಡೆಗೆ ಹೋದ. ದೋಣಿಯ ಊರ ಕಡೆಯ ಮಗ್ಗುಲಿಗೆ ಬಂಗಡೆ ಬರೆಯುವುದು ಕಷ್ಟವಾಗಲಿಲ್ಲ. ಸಮುದ್ರಕ್ಕೂ ಅವನಿಗೂ ನಡುವೆ ದೋಣಿ ಅಡ್ಡವಿತ್ತು. ಆಚೆ ಮಗ್ಗುಲಿಗೆ ಹೋದರೆ ನೀರು ಬೆನ್ನ ಹಿಂದೆಯೇ. ಕುಂಚ ಹಿಡಿದು ಬಹಳ ಹೊತ್ತು ನಿಂತ. ಅಷ್ಟರಲ್ಲಿ ರಾಜು ಬಂದ.

"ಒಂದೇ ಮೀನ ಬರ್ದು ಬಿಡ್ತ್ಯಾ?"

"ಇಲ್ಲ. ಆಚೆಗೂ ಬರೀಬೇಕು," ಎಂದ ಕಿಶನ. ಆಮೇಲೆ ಮೆಲ್ಲಗೆ, "ನೀ ಇಲ್ಲೇ ನಿಂತ್ಕಂಡಿರು."

ರಾಜು ಮರಳಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ. ಕಿಶನ ಆಚೆ ಹೋಗಿ ಮೊಣಕಾಲೂರಿದ. ಮೊದಲ ಗೆರೆ ಸೊಟ್ಟಗಾಯಿತು. ಒರೆಸಿ ಮತ್ತೆ ಎಳೆದ. ಸಮುದ್ರದ ಭರತ ಏರುತ್ತಿತ್ತು. ನೊರೆ ಬಂದು ಅವನ ಹಿಮ್ಮಡಿ ನೆನೆಸಿ, ಮೊಣಕಾಲಡಿಯ ಮರಳನ್ನು ಒಂದಿಷ್ಟು ಸೆಳೆದುಕೊಂಡು ಹಿಂದೆ ಸರಿಯಿತು. ಕಿಶನ ಬಗ್ಗಿ, ಬಾಲದ ತುದಿಗೆ ನೀಲಿ ತುಂಬುತ್ತಲೇ ಇದ್ದ.