ಬೀಗ ಹಾಕಿದ ಬೆತ್ತದ ಕುರ್ಚಿ

ನಾನೊಂದು ಕುರ್ಚಿ. ಗಾಬರಿಯಾಗಬೇಡಿ, ಮಂತ್ರಿಗಳು ಕಚ್ಚಾಡುವಂಥ ಕುರ್ಚಿಯಲ್ಲ. ಹಾಲಗೆರೆ ತಾಲ್ಲೂಕು ಕೋರ್ಟಿನ ವಕೀಲರ ಸಂಘದಲ್ಲಿ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿ. ನನ್ನ ಕೈಕಾಲುಗಳನ್ನು ಹೊನ್ನೆ ಮರದಲ್ಲಿ ಕಡೆದವನು ಸಿದ್ದಾಚಾರಿ. ಕೊನೆಯ ಮೊಳೆ ಹೊಡೆದು ನನ್ನ ಬೆನ್ನು ತಟ್ಟಿ, "ನಿನ್ ಮೇಲೆ ಕೂತೋರು ನ್ಯಾಯವಾಗಿ ಮಾತಾಡ್ಲಿ ಕಣಪ್ಪ" ಎಂದ. ನಾನು ಅದನ್ನು ನಂಬಿಬಿಟ್ಟೆ. ಮರದ ಬುದ್ಧಿ, ಇನ್ನೇನು ಹೇಳಲಿ.

ಕೂರುವ ಜಾಗವನ್ನು ಬೆತ್ತದಲ್ಲಿ ನೇಯ್ದವನು ಮೇದರ ಮುದ್ದಯ್ಯ. ಆಗಿನ್ನೂ ಹರೆಯದವನು. ಬೆತ್ತವನ್ನು ಸೀಳಿ, ನೀರಲ್ಲಿ ನೆನೆಹಾಕಿ, ಒಂದೊಂದು ತೂತಿಗೂ ಎಳೆದು ಬಿಗಿದ. ಅವನ ಮನೆಯಲ್ಲಿ ಒಂದು ಪದ್ಧತಿ ಇತ್ತು. ನೇಯ್ದವರೇ ಮೊದಲು ಕೂತು ನೋಡಬೇಕು, ಸಡಿಲವಿದ್ದರೆ ಬಿಚ್ಚಿ ಮತ್ತೆ ನೇಯಬೇಕು. ಆಮೇಲಷ್ಟೇ ಕೊಡಬೇಕು.

ಅವನು ಕೂತನೋ ಇಲ್ಲವೋ, ನನ್ನನ್ನು ಮಾಡಿಸಿದ್ದ ಲಾಯರ್ ಪುಟ್ಟಸ್ವಾಮಪ್ಪನವರು ಬಂದುಬಿಟ್ಟರು. "ಏಯ್! ಏಳೋ ಮೇಲೆ! ನಾನು ಕೂರೋ ಕುರ್ಚಿಲಿ ನೀನು ಕೂರೋದೇನೋ?"

ಮುದ್ದಯ್ಯ ಎದ್ದು ನಿಂತ. "ಕೂತ್ ನೋಡ್ದೆ ಕೊಡಂಗಿಲ್ಲ ಬುದ್ಧಿ, ನಮ್ ಪದ್ಧತಿ" ಎಂದ. ಪುಟ್ಟಸ್ವಾಮಪ್ಪನವರು ವಕೀಲರಲ್ಲವೇ, ಉಪಾಯ ಹುಡುಕಿದರು. ಒಂದು ಮೂಟೆ ಅಕ್ಕಿ ತರಿಸಿ ನನ್ನ ಮೇಲೆ ಕೂರಿಸಿದರು. ಅಕ್ಕಿಗೆ ಕೊಟ್ಟ ಮರ್ಯಾದೆಯನ್ನು ಮನುಷ್ಯನಿಗೆ ಕೊಡಲಿಲ್ಲ ಆ ಮಹಾರಾಯರು. ಮುದ್ದಯ್ಯ ತಲೆ ಬಗ್ಗಿಸಿ ಕೂಲಿ ಇಸಿದುಕೊಂಡು ಹೋದ.

ಮೂವತ್ತು ಚಿಲ್ಲರೆ ವರ್ಷ ಪುಟ್ಟಸ್ವಾಮಪ್ಪನವರು ನನ್ನ ಮೇಲೆ ಕೂತು ಸಮಾನತೆ, ಹಕ್ಕು, ಸಂವಿಧಾನ ಎಂದೆಲ್ಲ ಮಾತಾಡಿದರು. ಅವರು ತೀರಿಕೊಂಡ ಹನ್ನೊಂದನೇ ದಿನಕ್ಕೆ ಮಗ ವಿಜಯಕುಮಾರ ಬಂದು ಕೂತ. ಯಾರೂ ಒಂದು ಮಾತೆತ್ತಲಿಲ್ಲ. ಆ ಸಂಘದಲ್ಲಿ ಅದೇ ರೂಢಿ. ಅಪ್ಪನ ಕುರ್ಚಿ ಮಗನಿಗೆ, ಮಾವನದು ಅಳಿಯನಿಗೆ. ಹೊಲ ಗದ್ದೆಗಾದರೂ ಪಹಣಿ ಇರುತ್ತದೆ, ನಮಗೆ ಅದೂ ಇಲ್ಲ.

ವಿಜಯಕುಮಾರನಿಗೆ ವಕೀಲಿಕೆ ಹಿಡಿಸಲಿಲ್ಲ. ಮೈಸೂರಿಗೆ ಹೋಗಿ ಕಲ್ಯಾಣಮಂಟಪ ಕಟ್ಟಿಸಿದ. ಹೋಗುವಾಗ ನನ್ನ ಕಾಲಿಗೆ ಸರಪಳಿ ಸುತ್ತಿ, ಮೇಜಿಗೆ ಸೇರಿಸಿ ಬೀಗ ಜಡಿದ. ನನ್ನ ಮೇಲೊಂದು ದಿಂಬು ಹಾಕಿ, ಅದರ ಮೇಲೆ ಟವೆಲ್ ಹಾಸಿದ. ಅಲ್ಲಿ ಮಂಟಪದಲ್ಲಿ ಸಾವಿರ ಕುರ್ಚಿ ಇವೆಯಂತೆ, ಆದರೂ ಈ ಒಂದನ್ನು ಬಿಡಲೊಲ್ಲ. ತಾನೂ ತಿನ್ನ, ಪರರಿಗೂ ಕೊಡ. ಆರು ವರ್ಷ ಇಲಿಗಳು ಬಿಟ್ಟರೆ ನನ್ನ ಹತ್ತಿರ ಯಾರೂ ಸುಳಿಯಲಿಲ್ಲ.

ಆ ಹೊತ್ತಿಗೆ ಬಂದಳು ರಾಜಮ್ಮಣಿ. ಮುದ್ದಯ್ಯನ ಮಗಳು. ಅವಳ ವಂಶದಲ್ಲಿ ಕೋರ್ಟಿನ ಮೆಟ್ಟಿಲನ್ನು ಕರಿಕೋಟು ಹಾಕಿಕೊಂಡು ಹತ್ತಿದವರಲ್ಲಿ ಅವಳೇ ಮೊದಲು. ಮೊದಲ ದಿನ ಸಂಘದೊಳಗೆ ಬಂದು ಸುತ್ತ ನೋಡಿದಳು. ಖಾಲಿ ಇದ್ದವನು ನಾನೊಬ್ಬನೇ. ಕೈ ಚಾಚಿದಳು, ಸರಪಳಿ ಕಂಡಿತು. "ಅದು ವಿಜಯಕುಮಾರ್ ಸಾಹೇಬ್ರದು ಕಣಮ್ಮ, ಮುಟ್ಟಬೇಡ" ಎಂದರು ಅಧ್ಯಕ್ಷ ಜಗದೀಶಯ್ಯ. "ನಾನೆಲ್ಲಿ ಕೂರ್ಲಿ ಸಾರ್?" ಎಂದಳು. "ನೋಡೋಣ, ಜಾಗ ಆದಾಗ ಹೇಳ್ತೀವಿ" ಎಂದರು. ಮೂರು ವರ್ಷ ಜಾಗ ಆಗಲಿಲ್ಲ.

ಕಿಟಕಿಯಾಚೆ ಒಂದು ಹೊಂಗೆಮರ. ಅವಳ ಆಫೀಸು ಅದರ ಕೆಳಗೆ. ಫೈಲು ಸ್ಕೂಟರಿನ ಸೀಟಿನ ಮೇಲೆ, ಅವಳು ನಿಂತೇ. ಇಲ್ಲಿ ವರ್ಷಗಟ್ಟಲೆಯಿಂದ ನಾನು ಖಾಲಿ, ಅಲ್ಲಿ ಅವಳು ನಿಂತು ನಿಂತು ಕಾಲು ಬದಲಾಯಿಸುತ್ತಿದ್ದಾಳೆ. ತಲೆ ಚಚ್ಚಿಕೊಳ್ಳೋಣ ಅಂದರೆ ನನಗೆ ತಲೆಯೂ ಇಲ್ಲ.

ಕೂರುವುದಕ್ಕೆ ಇಷ್ಟೊಂದು ರಂಪ ಯಾಕೆ ಅಂತೀರಾ? ಕೇಳಿ. ನಮ್ಮ ಕಡೆ ಕಕ್ಷಿದಾರರು ವಕೀಲರನ್ನು ಹುಡುಕುವುದೇ ಕುರ್ಚಿ ಹಿಡಿದು. ಮೊದಲು ಕೇಳುವ ಮಾತೇ "ನೀವು ಎಲ್ಲಿ ಕೂತ್ಕತೀರಾ?" ಎಂದು. ದೇವೀರಮ್ಮ ಎಂಬ ವಿಧವೆ ಭಾವಂದಿರು ಕೊಡದ ಪಾಲಿಗಾಗಿ ರಾಜಮ್ಮಣಿಗೆ ವಕಾಲತ್ತು ಕೊಟ್ಟಿದ್ದಳು. ಒಂದು ದಿನ ಅಕಾಲದ ಮಳೆ. ರಾಜಮ್ಮಣಿ ಮರದ ಕೆಳಗಿರಲಿಲ್ಲ, ನೆನೆಯದಿರಲೆಂದು ಟೈಪಿಸ್ಟ್ ಅಂಗಡಿಯ ಮಾಡಿನಡಿ ನಿಂತಿದ್ದಳು. ದೇವೀರಮ್ಮ ಸಂಘದೊಳಗೆ ಬಂದು, "ರಾಜಮ್ಮಣಿ ಲಾಯ್ರವ್ವನ ಕುರ್ಚಿ ಯಾವ್ದಪ್ಪ?" ಎಂದು ಒಬ್ಬ ಗುಮಾಸ್ತನನ್ನು ಕೇಳಿದಳು. "ಆ ಹೆಸರಿನ ಕುರ್ಚಿನೇ ಇಲ್ಲ ಇಲ್ಲಿ, ಆಯಮ್ಮ ಬಿಟ್ಟೋದಂಗೈತೆ" ಎಂದು ಅವನು ತನ್ನ ವಕೀಲರ ಮುಂದೆ ಅವಳನ್ನು ಕೂರಿಸಿ ಬೇರೆ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿದ. ಕಣ್ಣೆದುರೇ ನಡೆಯಿತು. ನನಗೆ ಕಿರುಗುಟ್ಟಲೂ ಆಗಲಿಲ್ಲ, ಮೇಲೆ ಯಾರಾದರೂ ಕೂತಿದ್ದರೆ ತಾನೆ.

ಮರುದಿನ ಮುದ್ದಯ್ಯ ಸಂತೆಯಿಂದ ಬರುತ್ತಾ ಮರದ ಹತ್ತಿರ ಬಂದ. ಮುದುಕನಾಗಿದ್ದ, ಕಣ್ಣು ಮಂಜು. "ಅಪ್ಪ, ನಂಗೆ ಸಾಕಾಗಿದೆ. ಸೊಸೈಟಿಲಿ ಲೆಕ್ಕ ಬರೆಯೋ ಕೆಲಸ ಇದೆಯಂತೆ, ಹೋಗ್ತೀನಿ" ಎಂದಳು ರಾಜಮ್ಮಣಿ. ಅವನು ಸಂತೆಯ ಚೀಲ ಕೆಳಗಿಟ್ಟ. "ಯುಗಾದಿಗಂಟ ನೋಡು ಮಗ. ಆಮೇಲೆ ನಿನ್ನಿಷ್ಟ" ಎಂದ. ಯುಗಾದಿಗೆ ಇನ್ನು ಇಪ್ಪತ್ತೇ ದಿನ.

ಅಷ್ಟರಲ್ಲಿ ಮಹಿಳಾ ದಿನ ಬಂತು. ನೋಡಬೇಕಿತ್ತು ನೀವು! "ವಕೀಲಿ ವೃತ್ತಿಯಲ್ಲಿ ಎಲ್ಲರಿಗೂ ಸಮಾನ ಅವಕಾಶ" ಎಂದು ದೊಡ್ಡ ಬ್ಯಾನರು. ತಾಲ್ಲೂಕಿನ ಮೊದಲ ತಲೆಮಾರಿನ ಮಹಿಳಾ ವಕೀಲೆ ಅಂತ ರಾಜಮ್ಮಣಿಗೆ ಸನ್ಮಾನ. ಮುಖ್ಯ ಅತಿಥಿ ನಿವೃತ್ತ ನ್ಯಾಯಾಧೀಶೆಗೆ ಪ್ಲಾಸ್ಟಿಕ್ ಕುರ್ಚಿ ಹಾಕುವುದು ಹೇಗೆಂದು ನನ್ನ ನೆನಪಾಯಿತು. ಮೈಸೂರಿಗೆ ಫೋನು ಹೋಯಿತು. ಬೀಗದ ಕೈ ಎಲ್ಲಿಟ್ಟಿದ್ದೇನೋ ಗೊತ್ತಿಲ್ಲ, ಬೇಕಾದರೆ ಒಡೆಯಿರಿ, ಒಂದೇ ದಿನ ಮಾತ್ರ ಎಂದನಂತೆ ವಿಜಯಕುಮಾರ. ಗರಗಸ ತಂದು ಸರಪಳಿ ಕುಯ್ದರು. ಮೂರು ವರ್ಷ ನಿಂತವಳಿಗಾಗಿ ಕುಯ್ಯದ ಸರಪಳಿ ಅದು.

ರಾಜಮ್ಮಣಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋ ತೆಗೆದರು. ವೇದಿಕೆ ಮೇಲೆ ಅವಳಿಗೆ ಮಾತ್ರ ಕುರ್ಚಿ ಇರಲಿಲ್ಲ. ಹಾರ ಹಾಕಿಕೊಂಡೇ ಪಕ್ಕದಲ್ಲಿ ನಿಂತಳು. ಯಾರಿಗೂ ಅದು ಕಾಣಲೇ ಇಲ್ಲ! ಅತಿಥಿ ಇನ್ನೂ ದಾರಿಯಲ್ಲಿದ್ದರು. ಜಗದೀಶಯ್ಯ ಸಮಾನ ಅವಕಾಶದ ಬಗ್ಗೆ ಮುಕ್ಕಾಲು ಗಂಟೆ ಕೊರೆದು, ಬೆವರೊರೆಸಿಕೊಂಡು, ದಣಿವಿಗೆ ಧೊಪ್ಪನೆ ನನ್ನ ಮೇಲೆ ಕೂತರು. ದಿಂಬಿನಡಿಯ ಬೆತ್ತವನ್ನು ಇಲಿಗಳು ಎಂದೋ ಕಡಿದು ಮುಗಿಸಿದ್ದವು. ಅಧ್ಯಕ್ಷರು ನನ್ನೊಳಗೆ ಇಳಿದುಹೋದರು. ಮೊಣಕಾಲು ಮೂಗಿಗೆ ತಾಗಿತು. ಇಬ್ಬರು ಹಿಡಿದು ಎಳೆಯಬೇಕಾಯಿತು. ನನ್ನ ಆಯುಸ್ಸಿನಲ್ಲಿ ನಾನು ಮಂಡಿಸಿದ ವಾದ ಅದೊಂದೇ.

ಕಾರ್ಯಕ್ರಮ ಮುಗಿದ ಮೇಲೆ ಜಗದೀಶಯ್ಯ ಸೊಂಟ ನೀವಿಕೊಳ್ಳುತ್ತಾ, "ರಾಜಮ್ಮಣಿ, ನಿಮ್ಮಪ್ಪಂದು ಇದೇ ಕೆಲಸ ಅಲ್ವೇನಮ್ಮ? ಕಳಿಸು, ರಿಪೇರಿ ಮಾಡಲಿ. ವಿಜಯಕುಮಾರ್ ಬೈತಾರೆ" ಎಂದರು. ಕೈಯಲ್ಲಿ ಇನ್ನೂ ಸನ್ಮಾನದ ಶಾಲು ಇತ್ತು ಅವಳಿಗೆ. ಮುಖ ಕೆಂಪಾಯಿತು. ಶಾಲನ್ನು ಮಡಚಿ ಮೇಜಿನ ಮೇಲಿಟ್ಟಳು. ಆಮೇಲೆ ನನ್ನನ್ನೊಮ್ಮೆ ನೋಡಿದಳು.

"ಅಪ್ಪಂಗೆ ಕಣ್ಣು ಕಾಣಲ್ಲ ಸಾರ್. ನಾನೇ ನೇಯ್ತೀನಿ."

ಮೂರು ದಿನ ಹೊಂಗೆಮರದ ಕೆಳಗೆ, ಕೋಟು ಕಳಚಿಟ್ಟು ನೇಯ್ದಳು. ಪಕ್ಕದಲ್ಲಿ ಮುದ್ದಯ್ಯ ಕೂತು ಬೆರಳಾಡಿಸಿ, "ಇಲ್ ಸಡ್ಲ ಅದೆ, ಎಳಿ" ಎನ್ನುತ್ತಿದ್ದ. ಹೋಗಿ ಬರುವ ವಕೀಲರು ನಗುತ್ತಿದ್ದರು, ಕುಲಕಸುಬು ಬಿಡೋಕಾಗುತ್ಯೇ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ತಲೆ ಎತ್ತಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಕೋಟು ತೊಟ್ಟು, ನನ್ನನ್ನು ತಾನೇ ಹೊತ್ತು ಸಂಘದೊಳಗೆ ತಂದು, ಹಳೆಯ ಜಾಗದಲ್ಲೇ ಇಟ್ಟಳು. ಹೊರಗೆ ಹೋಗಿ ಅಪ್ಪನ ಕೈ ಹಿಡಿದು ಕರೆತಂದಳು. "ಮೊದ್ಲು ನೀನು ಕೂರಪ್ಪ. ನಿಂದೊಂದು ಪರೀಕ್ಷೆ ಬಾಕಿ ಅದೆ."

ಮುದ್ದಯ್ಯ ಹೆದರಿ ಹೆದರಿ ಕೂತ. ಎರಡೂ ಕೈ ನನ್ನ ತೋಳಿನ ಮೇಲಿಟ್ಟ. ನಾನು ಒಂದು ಚೂರೂ ಕಿರುಗುಟ್ಟಲಿಲ್ಲ, ಉಸಿರು ಬಿಗಿಹಿಡಿದಿದ್ದೆ. ಸ್ವಲ್ಪ ಹೊತ್ತಿಗೆ ಎದ್ದು, "ಗಟ್ಟಿಯಾಗದೆ. ಈಗ ನೇಯ್ದೋಳು ಕೂರು" ಎಂದ.

ರಾಜಮ್ಮಣಿ ಕೂತಳು. ಫೈಲು ತೆಗೆದು ಮೇಜಿನ ಮೇಲಿಟ್ಟಳು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು.

"ಆಯ್ತಲ್ಲಮ್ಮ, ಏಳು ಇನ್ನ" ಎಂದರು ಜಗದೀಶಯ್ಯ.

"ಗಟ್ಟಿ ಇದೆಯಾ ಅಂತ ನೋಡ್ತಾ ಇದೀನಿ ಸಾರ್. ಇನ್ನೂ ಮುಗಿದಿಲ್ಲ."

"ತಮಾಷೆನಾ? ಅದು ಅವರಪ್ಪನ ಕಾಲದಿಂದ ಬಂದ ಜಾಗ!"

"ಹಾಗಂತ ಸಂಘದ ಬೈಲಾದಲ್ಲಿ ಎಲ್ಲಿದೆ ತೋರಿಸಿ ಸಾರ್, ಈಗ್ಲೇ ಏಳ್ತೀನಿ."

ಬೀರು ತೆಗೆದರು, ಬೈಲಾ ಹುಡುಕಿದರು, ಧೂಳು ಕೊಡವಿ ಹಿಂದುಮುಂದು ತಿರುವಿದರು. ಇದ್ದರಲ್ಲವೇ ಸಿಗುವುದು! ಅಷ್ಟರಲ್ಲಿ ಬಾಗಿಲಲ್ಲಿ ದೇವೀರಮ್ಮ. ಹೊಸ ವಕೀಲರು ಮೊದಲ ದಿನವೇ ವಾಯಿದೆ ಕೇಳಿದ್ದು ಕಂಡು ಅವಳಿಗೆ ಸಾಕಾಗಿತ್ತು. ಎಲ್ಲರಿಗೂ ಕೇಳುವಂತೆ ಕೂಗಿದಳು: "ಅಯ್ಯೋ, ಇಲ್ಲೇ ಕೂತಿದ್ದೀಯಲ್ಲವ್ವ! ಬುಟ್ಟೋದೆ ಅಂದ್ಬುಟ್ರಲ್ಲ ಹಾಳಾದೋರು!"

ಗುಮಾಸ್ತ ಚಹಾ ತರುವ ನೆಪ ಮಾಡಿ ಜಾಗ ಖಾಲಿ ಮಾಡಿದ. ಜಗದೀಶಯ್ಯ ಆ ಕಡೆ ಈ ಕಡೆ ನೋಡಿ, ಕೊನೆಗೆ ತಮಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆಯನ್ನೇ ಬಳಸಿದರು. ವಾಯಿದೆ ತೆಗೆದುಕೊಂಡರು. "ಮುಂದಿನ ಸಭೆಲಿ ನೋಡೋಣ ಬಿಡಿ" ಎಂದರು. ಆ ಸಭೆ ಇವತ್ತಿಗೂ ನಡೆದಿಲ್ಲ.

ಇದಾಗಿ ಹನ್ನೊಂದು ವರ್ಷ. ದೇವೀರಮ್ಮನಿಗೆ ಪಾಲು ಸಿಕ್ಕಿತು. ಮುದ್ದಯ್ಯ ಹೋಗಿಬಿಟ್ಟ. ನನಗೂ ವಯಸ್ಸಾಯಿತು, ಒಂದು ಕಾಲು ಗಿಡ್ಡವಾಗಿ ಅಡಿಯಲ್ಲಿ ರಟ್ಟು ಮಡಚಿ ಇಟ್ಟಿದ್ದಾರೆ. ಎಲ್ಲ ಸರಿಹೋಯಿತು ಎಂದುಕೊಂಡಿರಾ? ಏನೂ ಸರಿಹೋಗಿಲ್ಲ. ಉಳಿದ ಕುರ್ಚಿಗಳು ಇವತ್ತಿಗೂ ಅಪ್ಪನಿಂದ ಮಗನಿಗೇ ಹೋಗುತ್ತಿವೆ. ಬ್ಯಾನರು ಪ್ರತಿ ವರ್ಷ ಅದೇ, ತಾರೀಕು ಮಾತ್ರ ಬೇರೆ. ಹೊಂಗೆಮರದ ಕೆಳಗೆ ಈಗ ನಾಲ್ಕು ಸ್ಕೂಟರು ನಿಲ್ಲುತ್ತವೆ, ನಾಲ್ಕರ ಮೇಲೂ ಫೈಲುಗಳು, ಪಕ್ಕದಲ್ಲಿ ಕುರ್ಚಿ ಸಿಗದ ನಾಲ್ವರು ಹೊಸ ವಕೀಲರು.

ರಾಜಮ್ಮಣಿ ಮಾತ್ರ ಕೋರ್ಟು ಹಾಲಿಗೆ ಹೋಗುವಾಗಲೆಲ್ಲ ಕಿಟಕಿಯಿಂದ ಆ ನಾಲ್ವರಲ್ಲಿ ಒಬ್ಬರನ್ನು ಕೂಗಿ ಕರೆಯುತ್ತಾಳೆ. ನಿನ್ನೆ ಬಂದ ಹುಡುಗಿ ಹಿಂದೆಮುಂದೆ ನೋಡುತ್ತ ನಿಂತಿದ್ದಳು. ಯಾರಾದರೂ ಎಬ್ಬಿಸಿದರೆ ಎಂದು ಅವಳ ಭಯ.

"ಕೂರು ಕೂರು" ಎಂದಳು ರಾಜಮ್ಮಣಿ, ಗೌನು ಸರಿಮಾಡಿಕೊಳ್ಳುತ್ತಾ. "ಯಾರಾದ್ರೂ ಕೇಳಿದ್ರೆ, ಗಟ್ಟಿ ಇದೆಯಾ ನೋಡ್ತಾ ಇದೀನಿ, ಇನ್ನೂ ಮುಗಿದಿಲ್ಲ ಅನ್ನು."