ನಾಲ್ಕನೇ ಪ್ಲಗ್ಗು

"ತಿರುಗ್ಸಕ್ಕಾ, ಇನ್ನೊಂದ್ಸಲ ತಿರುಗ್ಸು," ಎಂದ ಊರ ಯಜಮಾನ ಪ್ಯೋನ್. ಅವನ ತಲೆ ಲಾರಿಯಲ್ಲಿ ಡ್ರೈವರ್ ಪಕ್ಕದ ಸೀಟೆತ್ತಿದರೆ ಕೆಳಗೆ ಸಿಗುವ ಎಂಜಿನ್ನಿನೊಳಗೆ ಹೂತುಹೋಗಿತ್ತು.

ಒಕ್ಬುನ್ ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು. ಎದುರಿಗೆ, ಎಂಜಿನ್ ಒಳಗೆ ಕಾಯುವ ತನಕ ಉರಿಯುವ ಸುರುಳಿಯಾಕಾರದ ಹಳದಿ ದೀಪ ಹೊತ್ತಿತು. ಆ ಊರಲ್ಲಿ ಅದಕ್ಕೆ ಹಂದಿಬಾಲ ಅಂತಲೇ ಹೆಸರು. ಹಂದಿಬಾಲ ಆರುವ ತನಕ ಕಾದು ಕೀಲಿಯನ್ನು ಪೂರ್ತಿ ತಿರುಗಿಸಿದಳು. ಎಂಜಿನ್ ಗರಗರ ಸುತ್ತಿತು, ಕ್ಷಯರೋಗಿಯ ಹಾಗೆ ಕೆಮ್ಮಿತು, ಹಿಂದಿನಿಂದ ಒಂದಿಷ್ಟು ಬಿಳಿ ಹೊಗೆ ಕಾರಿ ಸುಮ್ಮನಾಯಿತು.

ಆ ಹೊಗೆ ನೇರ ಹೋಗಿ ಅವಳ ಗಂಡನ ಪೆಟ್ಟಿಗೆಯ ಮೇಲೆ ಕೂತಿತು.

ದೂಮಾನ್ ಸತ್ತು ಅಂದಿಗೆ ಮೂರನೇ ದಿನ. ಪೇಟೆಯ ಆಸ್ಪತ್ರೆಯಿಂದ ಹೆಣ ತಂದ ಬಸ್ಸು ಸೇತುವೆಯ ಹತ್ತಿರ ನಿಂತುಬಿಟ್ಟಿತ್ತು. ಇನ್ನೊಂದು ಗಾಲಿ ಮುಂದಿಟ್ಟರೆ ನಿಮ್ಮ ಹೆಣದ ಜೊತೆ ನನ್ನನ್ನೂ ಹೂಳಬೇಕಾಗುತ್ತದೆ ಅಂತ ಡ್ರೈವರ್ ಕೈಯೆತ್ತಿದ್ದ. ಸೇತುವೆಯಾಚೆ ಮಸಣದ ಗುಡ್ಡಕ್ಕೆ ಹೋಗುವ ಏರುದಾರಿ ಹಿಮ ಗಟ್ಟಿಯಾಗಿ ಗಾಜಾಗಿತ್ತು. ಹೆಗಲು ಕೊಡಲು ಬಂದ ಎಂಟು ಜನ ಮುದುಕರಿಗೆ ಎಲ್ಲಾ ಸೇರಿ ನೆಟ್ಟಗಿರುವ ಮಂಡಿ ಮೂರೋ ನಾಲ್ಕೋ ಇದ್ದವು. ಅದಕ್ಕೇ ಸೇತುವೆ ಪಕ್ಕದ ದೂಮಾನನದೇ ಮನೆಯಂಗಳದಲ್ಲಿ ನಿಂತಿದ್ದ ಅವನದೇ ಲಾರಿಯಲ್ಲಿ ಗುಡ್ಡದ ಮೇಲಿನ ತನಕ ಒಯ್ಯುವುದು ಅಂತ ಮಾತಾಗಿತ್ತು. ಈಗ ನೋಡಿದರೆ ಲಾರಿ ತನ್ನ ಸತ್ತ ಯಜಮಾನನಿಗಿಂತ ತಣ್ಣಗಿತ್ತು.

"ಅತ್ತಿಗೆ, ಹಠ ಬಿಡಿ," ಎಂದ ದೂಮಾನನ ತಮ್ಮ ದೂಶಿಕ್, ಸೆಣಬಿನ ಸೂತಕದ ಅಂಗಿಯ ತೋಳೊಳಗೆ ಕೈ ಹುದುಗಿಸಿಕೊಂಡು. "ನನ್ ಲಾರಿ ಇದೆಯಲ್ಲ. ಮುಟ್ಟಿದ್ರೆ ಸಾಕು, ಸ್ಟಾರ್ಟ್ ಆಗತ್ತೆ. ಅಣ್ಣನ್ನ ಮಹಾರಾಜನ ಹಾಗೆ ಮೇಲಕ್ಕೆ ಕರ್ಕೊಂಡ್ ಹೋಗ್ತೀನಿ."

ಒಕ್ಬುನ್ ಅವನ ಲಾರಿಯ ಕಡೆ ನೋಡಲೇ ಇಲ್ಲ. ನೋಡುವ ಅಗತ್ಯವೇ ಇರಲಿಲ್ಲ, ಮೂಗಿದ್ದರೆ ಸಾಕು. ದೂಶಿಕ್ ಹಂದಿ ಸಾಕುವವನು. ಮೇವು, ಮರಿ, ಹೇಲು, ಸತ್ತ ಹಂದಿ, ಎಲ್ಲಕ್ಕೂ ಅದೊಂದೇ ಲಾರಿ. ಅದು ಕಣಿವೆಗೆ ಇಳಿದರೆ ಆಚೆ ಗುಡ್ಡದವರು ಕಿಟಕಿ ಮುಚ್ಚುತ್ತಿದ್ದರು. ಇವತ್ತು ಅಣ್ಣನ ಮೇಲಿನ ಗೌರವಕ್ಕೆ ಅದರ ಮೇಲೊಂದು ಹುಲ್ಲಿನ ಚಾಪೆ ಹಾಸಿದ್ದ. ಕೆಳಗೆ ಹೆಪ್ಪುಗಟ್ಟಿದ ಹೇಲು, ಮೇಲೆ ಚಾಪೆ, ಅದರ ಮೇಲೆ ಅವಳ ಗಂಡ.

ಒಕ್ಬುನ್ ಕಿಟಕಿಯಿಂದ ಹೊರಗೆ ಉಗುಳಿದಳು.

"ಹಂದಿ ಹೇಲಿನ್ ಮೇಲೆ ನನ್ ಗಂಡ ಹೋಗಲ್ಲ."

"ಹೊತ್ತು ನೆತ್ತಿಗೆ ಬರೋದ್ರೊಳಗೆ ಇಳಿಸ್ಬೇಕಮ್ಮಾ," ಎಂದು ಗೋರಿಯ ಜಾಗ, ಗಳಿಗೆ ನೋಡುವ ಮುದುಕ ಓಮ್ ತಲೆಯೆತ್ತಿ ಆಕಾಶ ನೋಡಿದ. "ತಪ್ಪಿದ್ರೆ ಇವತ್ತಿಲ್ಲ. ಮತ್ತೆ ಆಸ್ಪತ್ರೆ ಫ್ರಿಜ್ಜೇ ಗತಿ. ಹೋಗೋನಿಗೆ ಯಾವ ಲಾರಿ ಆದ್ರೇನು?"

"ಹಂಗಾದ್ರೆ ನೀನು ಹೋಗೋವಾಗ ಅದ್ರಲ್ಲೇ ಹೋಗಪ್ಪಾ. ಚಾಪೆ ಈಗ್ಲೇ ಎತ್ತಿಡಿಸ್ತೀನಿ," ಎಂದಳು ಒಕ್ಬುನ್.

ಪಕ್ಕದ ಮನೆಯ ಹೋಂಗ್‌ಚೊನಮ್ಮ ಅಳುತ್ತಿದ್ದವಳು ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

*

ನಲವತ್ತು ಚಳಿಗಾಲ ಒಕ್ಬುನ್, ದೂಮಾನ್ ಇಬ್ಬರ ಸಂಸಾರ ನಡೆದದ್ದು ಹೀಗೇ, ಎಂಜಿನ್ನಿನ ಎರಡು ಪಕ್ಕದಲ್ಲಿ. ಅವನು ಪಕ್ಕದ ಸೀಟೆತ್ತಿ ತಲೆ ತೂರಿಸುತ್ತಿದ್ದ, ಅವಳು ಕೀಲಿ ಹಿಡಿದು ಕೂರುತ್ತಿದ್ದಳು. ಕೋಸು ಹೇರಿಕೊಂಡು ಪೇಟೆಗೆ ಹೋಗುವ ದಿನವಾದರೆ ಕೋಳಿ ಕೂಗುವ ಮೊದಲೇ. ಅವನ ಬೋಳು ತಲೆ ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ.

"ತಿರುಗ್ಸು."

"ತಿರುಗ್ಸಿದೆ."

"ಬಿಡು."

ದಿನವೊಂದಕ್ಕೆ ಅವನು ಆಡುತ್ತಿದ್ದ ಮಾತು ಅಷ್ಟೇ. ಮಿಕ್ಕದ್ದೆಲ್ಲ ಲಾರಿಯ ಜೊತೆ. ಕೊಳವೆಯಿಂದ ಡೀಸೆಲ್ ಎಳೆಯುವಾಗ ಬಾಯಿಗೆ ಬಂದದ್ದನ್ನು ಅವಳ ಉಪ್ಪಿನಕಾಯಿ ಜಾಡಿಗಳ ಬುಡದಲ್ಲೇ ಉಗುಳುತ್ತಿದ್ದ. ಅವನ ಕೈ ತಾಗಿದ ಅನ್ನ ಡೀಸೆಲ್, ಹಾಸಿಗೆ ಡೀಸೆಲ್, ಹೆತ್ತ ಮಗಳು ಸುಗ್ಯೋಂಗ್ ಕೂಡ ಡೀಸೆಲ್ ವಾಸನೆ ಹೊಡೆದುಕೊಂಡೇ ಹುಟ್ಟಿದಳು ಅಂತ ಅವಳು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಎಷ್ಟೋ ಸಲ ವಾಕರಿಕೆ ಬಂದು ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಆದರೆ ಸಂಜೆ ಲಾರಿ ಬಂದರೆ ಮೊದಲ ಬಿಸಿನೀರು ಅದರ ಹಿಂದಿನ, ಸರಕು ಹೇರುವ ತಟ್ಟೆಗೆ. ಜನ ತಿನ್ನುವ ಕೋಸು ಹಾಕುವ ಜಾಗ ಅಂತ ಉಜ್ಜಿ ಉಜ್ಜಿ ತೊಳೆಯುತ್ತಿದ್ದ. ತಾನು ಮಾತ್ರ ಹಬ್ಬಕ್ಕೊಮ್ಮೆ ಮೈ ತೊಳೆದರೆ ಹೆಚ್ಚು. "ಆ ಲಾರೀನೇ ಮದ್ವೆ ಆಗ್ಬೇಕಿತ್ತು ನೀವು," ಎಂದರೆ, "ಅದು ಇಷ್ಟು ಬಯ್ಯಲ್ಲ," ಎನ್ನುತ್ತಿದ್ದ. ಬೆಳಗಿನ ಚಳಿಯಲ್ಲಿ ಯಾರ ಮನೆಯ ಲಾರಿ ಎಬ್ಬಿಸಲು ಕರೆದರೂ ಗಂಜಿ ಬಟ್ಟಲು ಕೆಳಗಿಟ್ಟು ಎದ್ದು ಹೋಗುತ್ತಿದ್ದ. ಆ ಗಂಜಿ ಮತ್ತೆ ಬಿಸಿ ಮಾಡಿ ಮಾಡಿ ಒಕ್ಬುನ್‌ಗೆ ಸಾಕಾಗಿಹೋಗಿತ್ತು.

*

"ಎಂಜಿನ್ ಮೂತಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡ್ಯೋಣ್ವಾ?" ಎಂದ ಹೆಗಲು ಕೊಡುವವರಲ್ಲೊಬ್ಬ.

"ಹೊಡಿ, ಹೊಡಿ. ಹೀಟರ್ ಪ್ಲಗ್ ಕಾದಿರೋ ಎಂಜಿನ್‌ಗೆ ಅದನ್ ಹೊಡೆದ್ರೆ ಡಬ್ ಅಂತ ಸಿಡಿದು ನೀನೇ ಮೊದ್ಲು ಗುಡ್ಡ ಹತ್ತಿರ್ತೀಯ," ಎಂದ ಪ್ಯೋನ್.

ಬ್ಯಾಟರಿ ಸರಿಯಿತ್ತು, ಎಂಜಿನ್ ಜೋರಾಗಿಯೇ ಸುತ್ತುತ್ತಿತ್ತು. ಹಂದಿಬಾಲ ಹೊತ್ತುತ್ತಿತ್ತು. ಕೀಲಿ ತಿರುಗಿಸಿದರೆ ಒಳಗೆ ರಿಲೇ ಟಕ್ ಅನ್ನುತ್ತಿತ್ತು. ಪ್ಯೋನ್ ಪರೀಕ್ಷೆ ದೀಪ ತಂದು ಹಿಡಿದ. ಪ್ಲಗ್ಗುಗಳ ತನಕ ಕರೆಂಟು ಬರುತ್ತಿತ್ತು. ಅಲ್ಲಿಗೆ ಉಳಿದದ್ದು ಚಳಿಯಲ್ಲಿ ಎಂಜಿನ್ನನ್ನು ಒಳಗಿಂದ ಕಾಯಿಸುವ ಆ ನಾಲ್ಕು ಪ್ಲಗ್ಗುಗಳೇ. ತಂತಿ ಬಿಚ್ಚಿ ದೀಪದ ಒಂದು ತುದಿಯನ್ನು ಬ್ಯಾಟರಿಗೆ ಸಿಕ್ಕಿಸಿ ಇನ್ನೊಂದನ್ನು ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಿದ. ಪ್ಲಗ್ಗು ಒಳಗೆ ಬದುಕಿದ್ದರೆ ದೀಪ ಹೊತ್ತಬೇಕು.

ಮೊದಲನೆಯದು ಹೊತ್ತಲಿಲ್ಲ. ಎರಡನೆಯದೂ ಇಲ್ಲ. ಮೂರು, ನಾಲ್ಕು, ಎಲ್ಲವೂ ಸತ್ತಿದ್ದವು.

"ನಾಲ್ಕೂ ಹೋಗಿವೆ ಅಕ್ಕಾ. ಯಾವ ಕಾಲದ್ದೋ ಏನೋ."

"ಯಾವ ಕಾಲದ್ದು? ಮೊನ್ನೆ ಮೊನ್ನೆ ಹಾಕಿದ್ದು!" ಎಂದಳು ಒಕ್ಬುನ್.

*

ದೂಮಾನ್ ಜೀವಮಾನದಲ್ಲಿ ಪ್ಲಗ್ಗು ಒಟ್ಟಿಗೆ ನಾಲ್ಕು ಕೊಂಡವನೇ ಅಲ್ಲ. ಸತ್ತದ್ದೊಂದನ್ನು ಬದಲಾಯಿಸಿ ಮಿಕ್ಕ ಮೂರನ್ನು ದುಡಿಸುವುದು ಅವನ ಜಾಯಮಾನ. ಅಂಥವನು ಈ ಸಲ ಹಿಮ ಬೀಳುವ ಮೊದಲು ಪೇಟೆಯಿಂದ ನಾಲ್ಕು ಹೊಸದು ತಂದ. ಜೊತೆಗೆ ಡಾಕ್ಟರ ಹತ್ತಿರವೂ ಹೋಗಿ ಬಂದಿದ್ದ, ಅದನ್ನು ಮಾತ್ರ ಬಾಯಿ ಬಿಡಲಿಲ್ಲ.

ಪ್ಲಗ್ಗುಗಳನ್ನು ಊಟದ ಮಣೆಯ ಮೇಲೆ ಸಾಲಾಗಿ ಇಟ್ಟ. ಹೊಸ ಬೆಳ್ಳಿ ಕಡ್ಡಿಗಳ ಹಾಗೆ ಹೊಳೆಯುತ್ತಿದ್ದವು.

"ಹರಿದ ಕೋಟು ಹಾಕ್ಕೊಂಡ್ ನಡುಗ್ತೀರ, ಅದಕ್ಕೆ ಮಾತ್ರ ನಾಲ್ಕು ನಾಲ್ಕು," ಎಂದು ಅವಳು ಮೂಗು ಮುರಿದಳು.

"ಈ ಚಳಿಗಾಲ ನೀನು ಕೀಲಿ ಹಿಡ್ಕೊಂಡ್ ಕೂರೋದ್ ಬೇಡ," ಎಂದ ದೂಮಾನ್. "ಒಳಗೆ ಬೆಚ್ಚಗಿರು."

ಅವಳಿಗೆ ಅರ್ಥವಾಗಲಿಲ್ಲ. ಊಟದ ಮಣೆ ಎಣ್ಣೆ ಮಾಡಿದ್ದಕ್ಕೆ ಇನ್ನೊಂದಿಷ್ಟು ಬೈದಳು.

*

"ಬಿಚ್ಚು," ಎಂದಳು ಒಕ್ಬುನ್.

ಪ್ಯೋನ್ ಸ್ಪ್ಯಾನರ್ ಹಾಕಿ ಒಂದನ್ನು ಬಿಚ್ಚಿ ತೆಗೆದ. ತುದಿ ಊದಿ ಬಿರುಕು ಬಿಟ್ಟಿತ್ತು. ಮೈಯೆಲ್ಲ ಮಸಿ. ಯಾವ ಅಜ್ಜನ ಕಾಲದ ಹಲ್ಲೋ ಅನ್ನುವಂತಿತ್ತು. ಒಕ್ಬುನ್ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ನಟ್ಟಿನ ಸಂದಿಯಲ್ಲಿ ಒಣಗಿದ ಕಂದು ಕೆಸರು ಮೆತ್ತಿಕೊಂಡಿತ್ತು. ಮೂಗಿನ ಹತ್ತಿರ ತಂದಳು.

ಡೀಸೆಲ್ ಅಲ್ಲ. ಆ ವಾಸನೆ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಇದು ಹಂದಿ ಹೇಲು.

ಅವಳು ಕೆಳಗಿಳಿದಳು. ನಿಧಾನ ಹೋಗಿ ದೂಶಿಕನ ಮೂಗಿನ ಕೆಳಗೆ ಅದನ್ನು ಹಿಡಿದಳು.

"ಮೈದುನಾ, ನಿಮ್ಮನೆ ವಾಸ್ನೆ ಅಲ್ವಾ ಇದು? ಮೂಸಿ ನೋಡು."

ದೂಶಿಕ್ ಮುಖ ತಿರುಗಿಸಿದ. ನಿನ್ನೆ ಆಸ್ಪತ್ರೆಯ ಸೂತಕದ ಕೋಣೆಯಲ್ಲಿ ಅಣ್ಣನ ಪಟದ ಮುಂದೆ ಊರೇ ಕೂತು ಸಾವಿನೂಟದ ಮಾಂಸದ ಸಾರು ಕುಡಿಯುತ್ತಿದ್ದಾಗ, ಹಂದಿಗೆ ಮೇವು ಹಾಕಿ ಬರ್ತೀನಿ ಅಂತ ಎದ್ದುಹೋದವನು ಅವನೊಬ್ಬನೇ. ಅಷ್ಟು ಹೊತ್ತು ಏನು ಮಾಡಿದ ಅಂತ ಆಗ ಯಾರೂ ಕೇಳಿರಲಿಲ್ಲ.

"ಚಿಕ್ಕಪ್ಪಾ..." ಎಂದಳು ಸುಗ್ಯೋಂಗ್, ಅಪ್ಪನ ಪಟ ಎದೆಗೊತ್ತಿಕೊಂಡು.

"ನನ್ ಲಾರಿ ಎದ್ದೇಳ್ಲಿಲ್ಲಮ್ಮಾ! ಹಂದಿಗಳು ಹಸ್ಕೊಂಡು ಒಂದನ್ನೊಂದು ಕಿತ್ ತಿಂತಿದ್ವು. ಅದಕ್ಕೇ ಪ್ಲಗ್ಗು ಬದಲಾಯಿಸ್ಕೊಂಡೆ," ಎಂದ ದೂಶಿಕ್. "ಅಣ್ಣನ ಲಾರಿ ಇನ್ನು ಗುಜರಿಗೇ ತಾನೆ? ಬಸ್ಸು ಇಲ್ಲೇ ನಿಂತ್ಬಿಡತ್ತೆ ಅಂತ ನಂಗೇನ್ ಗೊತ್ತು? ಕೇಳಿದ್ರೆ ಅಣ್ಣಾನೇ ಕೊಡ್ತಿದ್ದ."

"ಕೊಡ್ತಿದ್ರು," ಎಂದಳು ಒಕ್ಬುನ್. "ಅವ್ರೇ ಬಂದು ಹಾಕ್ಕೊಟ್ಟು ನಿನ್ ಕೈಲಿ ಒಂದ್ ಲೋಟ ಚಾ ಕೂಡ ಕುಡೀದೆ ಬರ್ತಿದ್ರು. ಕೇಳ್ಬೇಕಿತ್ತು. ಹೆಣ ಆಸ್ಪತ್ರೇಲಿರೋವಾಗ ಕದೀತೀಯಲ್ಲೋ, ಥೂ! ನಿನ್ ಹಂದಿಗಳಿಗಾದ್ರೂ ಸತ್ತ ಮೇಲೆ ಒಂದಿಷ್ಟು ಮರ್ಯಾದೆ ಸಿಗತ್ತೆ."

"ಹೊತ್ತು, ಹೊತ್ತು," ಎಂದು ಓಮ್ ಕೋಲು ಕುಟ್ಟಿದ.

ದೂಶಿಕ್ ತನ್ನ ಲಾರಿಯ ಸೀಟೆತ್ತಿ ಬಗ್ಗಿದ. ಸೂತಕದ ಬಟ್ಟೆಯ ಬೆನ್ನು ಊರಿಗೆಲ್ಲ ಕಾಣುತ್ತಿತ್ತು. ಹತ್ತಿರ ಹೋಗಲು ಯಾರಿಗೂ ಮನಸ್ಸಾಗಲಿಲ್ಲ, ವಾಸನೆಗೆ ಅರ್ಧ, ಹೇಸಿಗೆಗೆ ಅರ್ಧ. ಒಂದೊಂದಾಗಿ ಮೂರು ಪ್ಲಗ್ಗು ಹೊರಗೆ ಬಂದವು. ನಾಲ್ಕನೆಯದಕ್ಕೆ ಬಹಳ ಹೊತ್ತು ಒದ್ದಾಡಿ ಬರಿಗೈಯಲ್ಲಿ ಎದ್ದು ನಿಂತ.

"ಮುರೀತು ಅತ್ತಿಗೆ. ತುದಿ ಒಳಗೇ ಸಿಕ್ಕೊಂಡ್ತು."

ಪ್ಯೋನ್ ಮೂರು ಹೊಸದನ್ನು ಹಾಕಿ, ನಾಲ್ಕನೇ ತೂತಿಗೆ ಆ ಸತ್ತ ಪ್ಲಗ್ಗನ್ನೇ ಮುಚ್ಚಳದ ಹಾಗೆ ತಿರುಪಿದ. ಒಕ್ಬುನ್ ಕೀಲಿ ತಿರುಗಿಸಿದಳು. ಹಂದಿಬಾಲ ಹೊತ್ತಿತು, ಆರಿತು. ಪಕ್ಕದಲ್ಲಿ ಯಾರೂ "ತಿರುಗ್ಸು" ಅನ್ನಲಿಲ್ಲ. ತಾನೇ ಪೂರ್ತಿ ತಿರುಗಿಸಿದಳು. ಎಂಜಿನ್ ಕುಂಟಿತು, ಮೂರು ಕಾಲಿನ ನಾಯಿಯ ಹಾಗೆ ಎಡವಿ ಎಡವಿ, ಕೊನೆಗೆ ಓಡತೊಡಗಿತು.

"ಐಗೋ!" ಎಂದು ಹೋಂಗ್‌ಚೊನಮ್ಮ ಆಗ ನಿಜವಾಗಿ ಅತ್ತಳು. "ಎದ್ದ ಕಣ್ರೇ, ಮುದುಕ ಎದ್ದ!"

ಪ್ಯೋನ್ ಹಿಮದಲ್ಲಿ ಜಾರದಂತೆ ಗಾಲಿಗೆ ಸರಪಳಿ ಬಿಗಿದು ಓಡಿಸಿದ. ದೂಮಾನ್ ಉಜ್ಜಿ ತೊಳೆದ ತಟ್ಟೆಯ ಮೇಲೆ ದೂಮಾನ್. ಲಾರಿ ಗಡಗಡ ನಡುಗುತ್ತ ಹತ್ತಿತು. ಹಿಂದೆ ಎಂಟು ಮುದುಕರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹತ್ತಿದರು. ಬಿಸಿಲು ನೆತ್ತಿಗೆ ಬರುವುದರೊಳಗೆ ಪೆಟ್ಟಿಗೆ ಮಣ್ಣಿಗಿಳಿಯಿತು.

ಆಮೇಲೆ, ಒಳಗೆ ನೀರು, ಚಳಿ ಇಳಿಯದಿರಲಿ ಅಂತ ಮಣ್ಣು ತುಳಿಯುವುದು. ಒಂದಿಷ್ಟು ಮಣ್ಣು ಎಳೆದು, ಗಂಡಸರು ಕೋಲು ಹಿಡಿದು ಗುಂಡಿಯೊಳಗೆ ಸುತ್ತುತ್ತ, ಒಬ್ಬ ಹಾಡಿದ್ದಕ್ಕೆ ಎಲ್ಲರೂ ದನಿಗೂಡಿಸಿ ಹೆಜ್ಜೆ ಹಾಕಿ ತುಳಿಯಬೇಕು. ದೂಶಿಕ್ ಎಲ್ಲರಿಗಿಂತ ಜೋರಾಗಿ ತುಳಿದ. ಮೊಣಕಾಲು ಎದೆಗೆ ಬರುವಂತೆ ಎತ್ತಿ ತುಳಿದ, ಅಣ್ಣಾ ಅಣ್ಣಾ ಎಂದು ಕೂಗಿದ. ಕಣ್ಣಲ್ಲಿ ನೀರೂ ಬಂತು. ಕಣ್ಣೊರೆಸಲು ತೋಳೆತ್ತಿದ.

ಸೆಣಬಿನ ತೋಳಿನೊಳಗಿಂದ ಏನೋ ಜಾರಿ ಮಣ್ಣಿನ ಮೇಲೆ ಬಿತ್ತು. ಎಲ್ಲೂ ಮುರಿಯದ, ಬಿಸಿಲಿಗೆ ಹೊಳೆಯುವ ನಾಲ್ಕನೇ ಪ್ಲಗ್ಗು.

ಹಾಡು ನಿಂತಿತು. ದೂಶಿಕ್ ಯಾರ ಮುಖವನ್ನೂ ನೋಡದೆ ಬಗ್ಗಿ ಕೈ ಚಾಚಿದ.

ಆ ಗುಂಡಿಗೆ ಹೆಂಗಸರು ಇಳಿಯುವುದಿಲ್ಲ. ಒಕ್ಬುನ್ ಲಂಗ ಎತ್ತಿ ಹಿಡಿದು ಇಳಿದಳು. ಅವಳ ಬಿಳಿ ರಬ್ಬರ್ ಚಪ್ಪಲಿ ಪ್ಲಗ್ಗಿನ ಮೇಲೆ, ದೂಶಿಕನ ಮಸಿ ಬೆರಳುಗಳಿಗೆ ಕೂದಲೆಳೆಯಷ್ಟು ಹತ್ತಿರ ಬಿತ್ತು. ಅವಳು ತುಳಿದಳು. ಮತ್ತೊಮ್ಮೆ ತುಳಿದಳು. ಹೊಳಪು ಕೆಂಪು ಮಣ್ಣೊಳಗೆ ಇಳಿಯಿತು.

"ಹಾಡಿ," ಎಂದಳು. "ಯಾಕ್ ನಿಲ್ಲಿಸಿದ್ರಿ? ಅವ್ರಿಗೆ ಚಳಿ."